ಮೂರನೆಯ ಗುಂಡು

ಗಾರೆ ಮೇಸ್ತ್ರಿ ಆರೋಗ್ಯಸಾಮಿ ನನ್ನ ಅಂಗೈಗೆ
ಬಣ್ಣದ ಹಪ್ಪಳವೊಂದನ್ನು ಇಟ್ಟ:
ಗೋಡೆಯಿಂದ ಕೆರೆದದ್ದು, ಉಗುರಗಲ.
ಅಡ್ಡ ಹಿಡಿದರೆ ಪದರ ಪದರ,
ಮೇಲೆ ಇಲಾಖೆಯ ಹಳದಿ, ಅದರಡಿ ಹಸಿರು,
ಆಮೇಲೆ ಕಾವಿ, ಕೊನೆಗೆ ಬರೀ ಸುಣ್ಣ.
"ನಿಮ್ಮ ಕಾಲದ್ದು ಯಾವುದಮ್ಮ?"
ಹಸಿರು ಅಂದೆ. ಕಾಯುವ ಕೋಣೆಯ ಬಾಗಿಲಿಗೆ ಆತು ಕೂತರೆ
ಲಂಗಕ್ಕೆ ಹತ್ತುತ್ತಿದ್ದ ಹಸಿರು.

ಯಲಹಂಕ ದಾಟಿ ಬೆಟ್ಟದ ಕಡೆ ಹೋಗುವ ಸಣ್ಣ ಗೇಜು.
ದಿನಕ್ಕೆ ಎರಡು ಗಾಡಿ, ಎರಡೂ ತಡ.
ಏರಿನಲ್ಲಿ ಇಳಿದು ಸೀಬೆ ಕಿತ್ತುಕೊಂಡು
ಓಡಿ ಮತ್ತೆ ಹತ್ತಬಹುದು ಅಂತ ಊರಲ್ಲಿ ಮಾತು;
ಹತ್ತಿದವರನ್ನು ನಾನು ಕಂಡಿಲ್ಲ.
ಕಂಡದ್ದು ಚಕ್ಕೋತದ ಕುಕ್ಕೆ,
ತೂಕದ ಯಂತ್ರದ ಮೇಲೆ ಸುಮ್ಮನೆ ಬೆವರುವ ದ್ರಾಕ್ಷಿ,
ಖುದ್ದೂಸ್ ಸಾಹೇಬರು ಟಕ್ಕೆಂದು
ಟಿಕೇಟಿನ ರಟ್ಟಿಗೆ ಕಚ್ಚಿಸುತ್ತಿದ್ದ ತಾರೀಖು.
ಮತ್ತೆ ನಮ್ಮಪ್ಪ, ಪಾಯಿಂಟ್ಸ್‌ಮನ್ ಪಿಳ್ಳಪ್ಪ:
ಬೇವಿನ ಮರಕ್ಕೆ ನೇತುಬಿಟ್ಟ ಹಳಿಯ ತುಂಡಿಗೆ
ಬೆಂಗಳೂರಿಂದ ಬರುವ ಗಾಡಿಗೆ ಮೂರೇಟು,
ಹೋಗುವುದಕ್ಕೆ ಎರಡು.
ಆ ಎರಡು ಕೇಳಿಸಿದ ಮೇಲೇ
ಅಮ್ಮ ಮುದ್ದೆಗೆ ಎಸರಿಡುತ್ತಿದ್ದದ್ದು.

ಆಮೇಲೆ ಸಣ್ಣ ಗೇಜು ಕಿತ್ತರು.
ದೊಡ್ಡದು ಬಂತು. ಇಲ್ಲಿ ನಿಲ್ಲಲಿಲ್ಲ.
ಸಾಹೇಬರು ಬೀಗ ಜಡಿದು, ಕೀಲಿಕೈ ಲಕೋಟೆಗೆ ಹಾಕಿ
ಅರಗಿನ ಮುದ್ರೆ ಒತ್ತಿ ಮೇಲಿನವರಿಗೆ ಕಳಿಸಿದರು,
ಕಿಟಕಿಗಳು ಆಗಲೇ ಕಳುವಾಗಿದ್ದವು.
ಅಪ್ಪ ಹಳಿಯ ತುಂಡನ್ನು ಗೋಣಿಯಲ್ಲಿ ಸುತ್ತಿ ತಂದ.
ಕಳವು ಅನ್ನಿ ಬೇಕಾದರೆ.
ಅವನು "ಚಾರ್ಜು ತಗೊಂಡೆ" ಅನ್ನುತ್ತಿದ್ದ.

ನೀರೊಲೆಯಲ್ಲಿ ಒಂದು ಗುಂಡು ಬಿರಿದಿತ್ತು ಆಗ.
ಅದರ ಜಾಗದಲ್ಲಿ ನಿಂತ ಹಳಿ
ಮೂವತ್ತು ವರ್ಷ ಹಂಡೆ ಹೊತ್ತಿತು:
ನನ್ನ ಎರಡು ಬಾಣಂತನದ ನೀರು,
ಅಪ್ಪನಿಗೆ ಕೊನೆಯ ಸಲ ಹುಯ್ದ ನೀರು.

ಅಷ್ಟರಲ್ಲಿ ಸ್ಟೇಷನ್ನಿಗೆ ಮೇಕೆಗಳು ಬಂದವು, ಇಸ್ಪೀಟು ಬಂತು,
ಡಾಂಬರಿನ ಪೀಪಾಯಿ ಬಂದವು.
ಯಾರೋ ಇದ್ದಿಲಲ್ಲಿ ಬರೆದರು: ಮನೆ ಬಾಡಿಗೆಗಿಲ್ಲ.
ನೆತ್ತಿಯ ಮೇಲೆ ವಿಮಾನ ಬಂತು. ಅದೂ ನಿಲ್ಲಲಿಲ್ಲ.

ಈಗ ನಿಯತಿ ಬಂದಿದ್ದಾಳೆ, ಕಟ್ಟಡ ಓದಿದ ಹುಡುಗಿ,
ಮಂಡಿಯವರೆಗೆ ಸುಣ್ಣ.
ಸಾಮಾನಿನ ಕೋಣೆ ಮಕ್ಕಳ ಓದುಮನೆಯಂತೆ,
ಟಿಕೇಟು ಕಿಂಡಿಯಲ್ಲಿ ಕಾಫಿ, ಬನ್ನು.
ಇದ್ದಿಲ ಬರಹವನ್ನು ಗಾಜಿನಡಿ ಉಳಿಸಿದ್ದಾಳೆ.
ಒಲೆಯಿಂದ ಎತ್ತಿದ ಹಳಿ ಕೊಟ್ಟಾಗ
ಮಸಿಯ ಸಮೇತ ಅಪ್ಪಿಕೊಂಡಳು.
"ಎಲ್ಲಿ ತೂಗುತ್ತಿತ್ತು? ಸರಿಯಾಗಿ ಅದೇ ಜಾಗ ಹೇಳಿ."

ಸರಿಯಾದ ಜಾಗದಲ್ಲಿ ಈಗ
ಏರ್‌ಪೋರ್ಟಿನ ಟ್ಯಾಕ್ಸಿಗಳು ನೂರರಲ್ಲಿ ಓಡುತ್ತವೆ.
ಬೇವು ಎಂದೋ ರಸ್ತೆಗೆ ಹೋಯಿತು.
ಮರವೆಂದರೆ ಮರ ಎಲ್ಲಿ ಅಂದಾಳು,
ಇಲ್ಲವೆಂದರೆ ಕಬ್ಬಿಣ ಪೆಟ್ಟಿಗೆ ಸೇರೀತು, ಚೀಟಿ ಅಂಟಿಸಿಕೊಂಡು.
ಮೂಡಣದ ಕಲ್ಲುಕಂಬ ತೋರಿಸಿದೆ.
"ಅಲ್ಲೇನಾ?"
ಅಲ್ಲೇ ಅಂದೆ.
ಆರೋಗ್ಯಸಾಮಿ ಒಮ್ಮೆ ಕಂಬ ನೋಡಿದ,
ಎಲ್ಲೂ ಹಳೇ ಕೊಕ್ಕೆಯ ಗುರುತಿಲ್ಲದ ಕಲ್ಲು,
ಒಮ್ಮೆ ನನ್ನ ನೋಡಿದ,
ತೂತು ಕೊರೆಯಲು ಕೂತ.

ಪಕ್ಕದಲ್ಲಿ ಹಿತ್ತಾಳೆ ಹಲಗೆ: ಗಂಟೆಯ ಮೂಲ ಸ್ಥಾನ.
ಓದಿ, ಕಾಲಬೆರಳು ನೋಡಿಕೊಂಡೆ.

ಶುರುವಾದ ದಿನ ಸುತ್ತಿಗೆ ನನ್ನ ಕೈಗೇ ಕೊಟ್ಟರು.
ಹೊಡೆದೆ. ಅಪ್ಪನ ಠಣ್ ಅಲ್ಲ.
ಅಷ್ಟು ಬೆಂಕಿ ಉಂಡ ಕಬ್ಬಿಣ
ಗಂಟಲು ಕಟ್ಟಿದವರು ಹೆಸರು ಹಿಡಿದು ಕರೆದ ಹಾಗೆ ಕರೆಯಿತು.
ಜನ ಚಪ್ಪಾಳೆ ತಟ್ಟಿದರು. ಅವರಿಗೇನು ಗೊತ್ತು.
ಎರಡು ಹೊಡೆಯಲೋ ಮೂರೋ ತೋಚದೆ ನಿಂತಾಗ
ಒಂದು ಹುಡುಗ ಸುತ್ತಿಗೆ ಕಸಿದುಕೊಂಡು
ಹನ್ನೊಂದು ಹೊಡೆದ.
ಅಷ್ಟು ಗಾಡಿ ಈ ಹಾದಿ ಎಂದೂ ಕಂಡಿಲ್ಲ.

ಮನೆಯಲ್ಲಿ ಮೂರನೆಯ ಗುಂಡಿಗೆ
ಈಗ ಇಟ್ಟಿಗೆ ಇಟ್ಟಿದ್ದೇನೆ.
ಹಂಡೆ ಸ್ವಲ್ಪ ವಾಲಿದೆ.
ನೀರೇನೋ ಕಾಯುತ್ತದೆ.